ಯೋಗ ಶುರು ಮಾಡಲು ಶರತ್ಕಾಲ

ಅಂತರರಾಷ್ಟ್ರೀಯ ಯೋಗ ದಿನ ಬರುವುದು ಜೂನ್ 21ಕ್ಕೆ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಒಪ್ಪಿ, ಮರುವರ್ಷದಿಂದ ಆಚರಣೆಗೆ ಬಂದ ದಿನ ಅದು. ಉತ್ತರ ಗೋಳಾರ್ಧದಲ್ಲಿ ವರ್ಷದ ಅತಿ ದೊಡ್ಡ ಹಗಲು ಅಂದೇ ಎಂಬ ಕಾರಣ ಅದರ ಹಿಂದಿದೆ. ಜಗತ್ತಿಗೆಲ್ಲ ತಿಳಿಯುವ ಕಾರಣವೇ. ಆದರೆ ನಮ್ಮ ಪಂಚಾಂಗ ತೆರೆದು ನೋಡಿದರೆ ಆ ದಿನ ಜ್ಯೇಷ್ಠದಲ್ಲೋ ಆಷಾಢದ ಮೊದಲಿಗೋ ಬೀಳುತ್ತದೆ. ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತು. ಹಠಯೋಗದ ಪ್ರಮುಖ ಗ್ರಂಥಗಳಲ್ಲಿ ಒಂದಾದ ಘೇರಂಡ ಸಂಹಿತೆ ಈ ಹೊತ್ತಿನ ಬಗ್ಗೆ ಖಡಾಖಂಡಿತವಾಗಿ ಮಾತಾಡುತ್ತದೆ. ಹೇಮಂತ, ಶಿಶಿರ, ಗ್ರೀಷ್ಮ, ವರ್ಷ, ಈ ನಾಲ್ಕು ಋತುಗಳಲ್ಲಿ ಯೋಗ ಆರಂಭಿಸಿದರೆ ರೋಗ ಬರುತ್ತದೆ, ಆರಂಭಿಸುವುದಿದ್ದರೆ ವಸಂತದಲ್ಲಿ, ಇಲ್ಲವೇ ಶರತ್ಕಾಲದಲ್ಲಿ ಎನ್ನುವುದು ಅದರ ಐದನೆಯ ಅಧ್ಯಾಯದ ನಿಲುವು. ವಸಂತದ ಬಾಗಿಲಲ್ಲಿ ನಮಗೆ ಯುಗಾದಿ ಇದೆ, ಶರತ್ಕಾಲದ ಬಾಗಿಲಲ್ಲಿ ನವರಾತ್ರಿ. ಯೋಗ ದಿನವನ್ನು ಬದಲಿಸಬೇಕೆಂದು ಇಲ್ಲಿ ವಾದವಿಲ್ಲ. ಯೋಗಕ್ಕೂ ತನ್ನದೇ ಒಂದು ಕಾಲಗಣನೆ ಇತ್ತು, ಅದರಲ್ಲಿ ಆಶ್ವಯುಜ ಮಾಸಕ್ಕೆ ಒಳ್ಳೆಯ ಜಾಗವಿತ್ತು ಎಂಬುದನ್ನು ನಾವು ಮರೆತಂತಿದೆ.

ಮರೆತ ಜಾಗವನ್ನು ಬೇರೇನೋ ಬಂದು ತುಂಬಿದೆ. ನವರಾತ್ರಿ ಹತ್ತಿರವಾದಂತೆ ಮೊಬೈಲಿಗೆ ಬರುವ ಯೋಗ ಕಾರ್ಯಕ್ರಮಗಳ ಪ್ರಕಟಣೆಗಳನ್ನು ಗಮನಿಸಿ. ಒಂಬತ್ತು ದಿನ, ಒಂಬತ್ತು ದುರ್ಗೆಯರು, ದಿನಕ್ಕೊಂದು ಬಣ್ಣ, ದಿನಕ್ಕೊಂದು ಚಕ್ರ, ದಿನಕ್ಕೊಂದು ಆಸನ. ಕೊನೆಯ ದಿನ 108 ಸೂರ್ಯನಮಸ್ಕಾರ. ಕೇಳಲು ಸೊಗಸು. ಲೆಕ್ಕ ಹಾಕಿದರೆ ಮಾತ್ರ ಕೂಡುವುದಿಲ್ಲ. ಇವರೇ ಹೇಳಿಕೊಡುವ ಚಕ್ರಗಳು ಮೂಲಾಧಾರದಿಂದ ಸಹಸ್ರಾರದವರೆಗೆ ಏಳು, ಹಬ್ಬದ ದಿನಗಳು ಒಂಬತ್ತು. ನಾಥ ಪಂಥದ ಸಿದ್ಧಸಿದ್ಧಾಂತ ಪದ್ಧತಿ ಒಂಬತ್ತು ಚಕ್ರಗಳನ್ನು ಎಣಿಸುತ್ತದೆ, ನಿಜ. ಆದರೆ ಅದರ ಎಣಿಕೆಯೇ ಬೇರೆ, ಶೈಲಪುತ್ರಿಯಿಂದ ಸಿದ್ಧಿದಾತ್ರಿಯವರೆಗಿನ ಹೆಸರುಗಳಿಗೂ ಅದಕ್ಕೂ ಕೊಂಡಿಯಿಲ್ಲ. ಹಾಗೆ ನೋಡಿದರೆ ಗೊಂಬೆ ಕೂರಿಸಿ, ಪಟ್ಟದ ಗೊಂಬೆಗಳಿಗೆ ಆರತಿ ಎತ್ತುವ ಹಳೆ ಮೈಸೂರಿನ ಮನೆಗಳಲ್ಲಿ ದಿನಕ್ಕೊಬ್ಬ ದುರ್ಗೆ ಎಂಬ ಕ್ರಮವೇ ಅಷ್ಟು ಬಳಕೆಯಲ್ಲಿರಲಿಲ್ಲ. ಸಂಖ್ಯೆಗೆ ಸಂಖ್ಯೆ ಹೊಂದಿಸುವ ಈ ಅಲಂಕಾರವನ್ನು ಬದಿಗಿಟ್ಟರೂ ಯೋಗಕ್ಕೂ ನವರಾತ್ರಿಗೂ ಗಟ್ಟಿ ನಂಟು ಉಳಿಯುತ್ತದೆ. ಋತುವಿನಲ್ಲಿ, ವ್ರತದಲ್ಲಿ, ಮತ್ತು ಕರ್ನಾಟಕದ ಮಟ್ಟಿಗೆ ಚರಿತ್ರೆಯಲ್ಲಿ ಅದು ಸಿಗುತ್ತದೆ. ಆ ನಂಟು ಹೇಳುವುದು ಒಂಬತ್ತು ದಿನಗಳಲ್ಲಿ ಏನನ್ನೋ ಸಾಧಿಸಿ ಮುಗಿಸಿ ಎಂದಲ್ಲ, ಇಲ್ಲಿಂದ ಮೆಲ್ಲಗೆ ಶುರು ಮಾಡಿ ಎಂದು.

ಮೊದಲು ಋತುವಿನ ಮಾತು. ಘೇರಂಡ ಸಂಹಿತೆ ಬಹಳ ಪ್ರಾಚೀನ ಗ್ರಂಥವೇನಲ್ಲ, ವಿದ್ವಾಂಸರು ಅದನ್ನು ಸುಮಾರು 17-18ನೆಯ ಶತಮಾನಕ್ಕೆ ಸೇರಿಸುತ್ತಾರೆ. ಅದರ ಐದನೆಯ ಅಧ್ಯಾಯ ಪ್ರಾಣಾಯಾಮದ್ದು. ಉಸಿರಿಗೆ ಕೈ ಹಾಕುವ ಮೊದಲು ನಾಲ್ಕು ವಿಷಯ ಸರಿಪಡಿಸಿಕೊಳ್ಳಬೇಕು ಎಂದು ಅದು ಪಟ್ಟು ಹಿಡಿಯುತ್ತದೆ: ಸ್ಥಳ, ಕಾಲ, ಮಿತವಾದ ಆಹಾರ, ನಾಡಿಶುದ್ಧಿ. ಕಾಲದ ವಿಚಾರದಲ್ಲಿ ಗ್ರಂಥಕಾರನದು ಬರಿಯ ಪುಸ್ತಕದ ಲೆಕ್ಕವಲ್ಲ. ಆಶ್ವಯುಜ-ಕಾರ್ತಿಕ ಸೇರಿ ಶರದೃತು ಎಂದು ಹೇಳಿದ ಮೇಲೂ, ಅನುಭವಕ್ಕೆ ಬರುವ ಶರತ್ಕಾಲ ಭಾದ್ರಪದದಿಂದ ಮಾರ್ಗಶಿರದವರೆಗೆ ನಾಲ್ಕು ತಿಂಗಳು ಹಬ್ಬಿರುತ್ತದೆ ಎಂದು ಬೇರೆಯಾಗಿ ಸೇರಿಸುತ್ತಾನೆ. ಪಂಚಾಂಗದ ಋತು ಒಂದು, ಮೈಗೆ ತಾಗುವ ಋತು ಇನ್ನೊಂದು ಎಂಬ ಈ ತಿಳಿವಳಿಕೆ ನಮಗೆ ಮುಂದೆ ಬೇಕಾಗುತ್ತದೆ.

ಶರತ್ಕಾಲವೇ ಏಕೆ? ಗ್ರಂಥ ಕಾರಣ ಬಿಡಿಸಿ ಹೇಳುವುದಿಲ್ಲ. ಆಯುರ್ವೇದದ ಋತುಚರ್ಯೆಯನ್ನು ಪಕ್ಕದಲ್ಲಿಟ್ಟು ಓದಿದರೆ ಚಿತ್ರ ಸ್ವಲ್ಪ ತಿಳಿಯಾಗುತ್ತದೆ, ಜೊತೆಗೆ ಒಂದು ತೊಡಕೂ ಎದುರಾಗುತ್ತದೆ. ಮಳೆಗಾಲದಲ್ಲಿ ಮೈಯಲ್ಲಿ ಸೇರಿಕೊಂಡ ಪಿತ್ತ, ಮೋಡ ಸರಿದು ಬಿಸಿಲು ಬಿದ್ದೊಡನೆ ಕೆರಳುತ್ತದೆ ಎನ್ನುವುದು ಚರಕ, ವಾಗ್ಭಟರಿಬ್ಬರ ವಿವರಣೆ. ಹಗಲಿನ ಬಿಸಿಲಲ್ಲಿ ಕಾದು, ಇರುಳಿನ ಬೆಳದಿಂಗಳಲ್ಲಿ ತಣಿದು, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ಈ ಕಾಲದ ನೀರನ್ನು ಹಂಸೋದಕವೆಂದು ಹೊಗಳುವ ಚರಕ ಸಂಹಿತೆಯೇ ಬಿಸಿಲು, ಎಣ್ಣೆ, ಮೊಸರು, ಹಗಲು ನಿದ್ದೆ ಬೇಡ ಎನ್ನುತ್ತದೆ. ಅಂದರೆ ಶರತ್ಕಾಲ ಏಕಕಾಲಕ್ಕೆ ಹಿತವೂ ಹೌದು, ಎಚ್ಚರ ಬೇಡುವ ಕಾಲವೂ ಹೌದು. ಇನ್ನು ತೊಡಕು ಇರುವುದು ವ್ಯಾಯಾಮದ ನಿಯಮದಲ್ಲಿ. ಬಲವಿರುವವರು, ಜಿಡ್ಡಿನ ಆಹಾರ ಉಣ್ಣುವವರು ಕೂಡ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎನ್ನುತ್ತದೆ ವಾಗ್ಭಟನ ಅಷ್ಟಾಂಗ ಹೃದಯ. ಆ ಉಳಿದ ಕಾಲದಲ್ಲಿ ಶರತ್ಕಾಲವೂ ಸೇರಿತು. ಒಂದು ಶಾಸ್ತ್ರ ಶುರು ಮಾಡು ಎನ್ನುತ್ತದೆ, ಇನ್ನೊಂದು ಹೆಚ್ಚು ದಣಿಯಬೇಡ ಎನ್ನುತ್ತದೆ. ಇವೆರಡರಲ್ಲಿ ವಿರೋಧ ಕಾಣುವುದು ಯೋಗವೆಂದರೆ ಬೆವರಿಳಿಸುವುದು ಎಂದು ತಿಳಿದವರಿಗೆ. ಘೇರಂಡ ಸಂಹಿತೆ ಆರಂಭದ ಮಾತಾಡಿದ್ದು ಪ್ರಾಣಾಯಾಮದ ಅಧ್ಯಾಯದಲ್ಲಿ ಎಂಬುದನ್ನು ನೆನೆದರೆ ಎರಡೂ ಒಂದೇ ದಾರಿಗೆ ಬರುತ್ತವೆ. ಉಸಿರಾಟ ಕಲಿಯಲು, ಮೈಯನ್ನು ನಿಧಾನವಾಗಿ ಹದಗೊಳಿಸಲು ಇದು ಸಮಯ. ಪಿತ್ತ ಶಮನಕ್ಕೆಂದು ಹಠಯೋಗ ಪ್ರದೀಪಿಕೆ ಹೇಳುವ ಶೀತಲಿ ಪ್ರಾಣಾಯಾಮ ಈ ಕಾಲಕ್ಕೆ ಒಪ್ಪುತ್ತದೆ. ಅಭ್ಯಾಸವೇ ಇಲ್ಲದವರನ್ನು ಒಂಬತ್ತನೆಯ ದಿನ 108 ಸೂರ್ಯನಮಸ್ಕಾರಕ್ಕೆ ನಿಲ್ಲಿಸುವುದು ಒಪ್ಪುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬೇಕು. ಶಾಸ್ತ್ರಗಳು ಬಣ್ಣಿಸುವ ತಿಳಿಯಾಕಾಶದ ಶರತ್ಕಾಲ ಉತ್ತರ ಭಾರತದ್ದು, ನಮ್ಮದಲ್ಲ. ಹಳೆ ಮೈಸೂರು ಭಾಗದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ವರ್ಷದ ಹೆಚ್ಚು ಮಳೆಯ ತಿಂಗಳುಗಳ ಸಾಲಿನಲ್ಲಿವೆ. ಜಂಬೂಸವಾರಿ ಮಳೆಯಲ್ಲಿ ನೆನೆದದ್ದು ಅಪರೂಪವೇನಲ್ಲ. ಅಧಿಕ ಮಾಸ ಬಂದ ವರ್ಷ ಹಬ್ಬ ಅಕ್ಟೋಬರ್ ನಡುವಿಗೆ ಸರಿಯುತ್ತದೆ, ಇನ್ನೊಂದು ವರ್ಷ ಸೆಪ್ಟೆಂಬರ್ ಮೂರನೆಯ ವಾರದ ಹೊತ್ತಿಗೇ ಬಂದುಬಿಡುತ್ತದೆ. ಹೀಗೆ ತೂಗಾಡುವ ದಿನಾಂಕಕ್ಕೆ ಯಾವ ಋತುಗುಣವನ್ನು ಕಟ್ಟುವುದು? ಆಕ್ಷೇಪ ಸರಿಯಾಗಿದೆ. ಅದಕ್ಕೆ ಉತ್ತರವೂ ಘೇರಂಡನ ಆ ನಾಲ್ಕು ತಿಂಗಳ ಲೆಕ್ಕದಲ್ಲೇ ಇದೆ. ಅವನು ನಿಷೇಧಿಸಿದ ಋತುಗಳೆಲ್ಲ ಅತಿರೇಕದವು: ಕಡು ಚಳಿ, ಕಡು ಸೆಕೆ, ಎಡೆಬಿಡದ ಮಳೆ. ಒಪ್ಪಿದ ಎರಡೂ ನಡುವಣವು. ಬೀದರ್‌ನಿಂದ ಚಾಮರಾಜನಗರದವರೆಗೆ ನೋಡಿದರೆ ಮಹಾನವಮಿಯಿಂದ ಮುಂದಿನ ಎರಡು ತಿಂಗಳು ಮುಂಜಾನೆ ಹೊತ್ತು ಮೈಗೆ ಹಿತವಾಗಿರುತ್ತದೆ. ಬೆಳಿಗ್ಗೆ ಎದ್ದು ಚಾಪೆ ಹಾಸಲು ಇಷ್ಟು ಸಾಕು. ಹಬ್ಬದ ದಿನಾಂಕ ಬಾಗಿಲು ತೆರೆಯುವ ಗುರುತು ಅಷ್ಟೇ. ಅಭ್ಯಾಸ ನಡೆಯಬೇಕಾದದ್ದು ಬಾಗಿಲ ಆಚೆಗಿನ ತಿಂಗಳುಗಳಲ್ಲಿ.

ಋತುವಿನ ವಿಚಾರಕ್ಕಿಂತ ಗಂಭೀರವಾದದ್ದು ಉಪವಾಸದ ಪ್ರಶ್ನೆ. ನವರಾತ್ರಿಯಲ್ಲಿ ಒಪ್ಪೊತ್ತು ಊಟ ಮಾಡುವವರಿದ್ದಾರೆ, ಹಣ್ಣು-ಹಾಲಿನಲ್ಲೇ ದಿನ ಕಳೆಯುವವರಿದ್ದಾರೆ. ಇದಕ್ಕೆ ಯೋಗ ಸೇರಿಸಿದರೆ ಶುದ್ಧಿ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ಹೊಸ ಕಾರ್ಯಕ್ರಮಗಳ ಬೆನ್ನೆಲುಬು. ಯೋಗಗ್ರಂಥಗಳನ್ನೇ ಕೇಳಿದರೆ ಅವು ಬೇಡ ಎನ್ನುತ್ತವೆ. ಹಠಯೋಗ ಪ್ರದೀಪಿಕೆ ಅಭ್ಯಾಸದ ಆರಂಭದಲ್ಲಿ ಬಿಡಬೇಕಾದವುಗಳ ಪಟ್ಟಿಯಲ್ಲಿ ಮುಂಜಾನೆಯ ತಣ್ಣೀರು ಸ್ನಾನ, ಉಪವಾಸ, ದೇಹ ದಂಡನೆ ಇವನ್ನು ಒಟ್ಟಿಗೆ ಹೆಸರಿಸುತ್ತದೆ. ಘೇರಂಡ ಸಂಹಿತೆ ಇನ್ನೂ ಮುಂದೆ ಹೋಗಿ ದಿನಕ್ಕೆ ಒಂದೇ ಹೊತ್ತು ಉಣ್ಣುವುದನ್ನೂ ಬೇಡವೆನ್ನುತ್ತದೆ. ಅವು ಕೇಳುವುದು ಮಿತಾಹಾರವನ್ನು: ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಉಳಿದ ಕಾಲು ಗಾಳಿಯಾಡಲು. ಈ ಅಳತೆಗೆ ಉಪವಾಸವೂ ಹೊಂದುವುದಿಲ್ಲ, ಪೂಜೆ ಮುಗಿದ ಮೇಲೆ ಒಬ್ಬಟ್ಟಿನ ಮೇಲೊಂದು ಒಬ್ಬಟ್ಟು ಬಡಿಸಿಕೊಳ್ಳುವ ನಮ್ಮ ಇನ್ನೊಂದು ಭಕ್ತಿಯೂ ಹೊಂದುವುದಿಲ್ಲ. ಹೊಟ್ಟೆ ಬಿರಿಯೆ ಉಣ್ಣುವುದನ್ನು ಶರತ್ಕಾಲದಲ್ಲಿ ವಾಗ್ಭಟನೂ ಬಿಡಲು ಹೇಳಿದ್ದಾನೆ. ವ್ರತದ ಮೇಲೆ ಶ್ರದ್ಧೆಯಿದ್ದವರು ಉಪವಾಸ ಮಾಡಲಿ, ಅದು ಅವರ ಆಯ್ಕೆ. ಉಪವಾಸದ ದಿನ ಚಾಪೆಯ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರಾಟ ಗಮನಿಸಿದರೆ ಸಾಕು. ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕಸರತ್ತು ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ಕೇಳಬೇಕಾದದ್ದು ಕಾರ್ಯಕ್ರಮದ ಸಂಘಟಕರನ್ನಲ್ಲ, ತಮ್ಮ ವೈದ್ಯರನ್ನು.

ಉಪವಾಸವನ್ನೂ ಕಸರತ್ತನ್ನೂ ಹೀಗೆ ಕಳೆಯುತ್ತ ಹೋದರೆ ನವರಾತ್ರಿಯಲ್ಲಿ ಯೋಗಕ್ಕೆ ಉಳಿಯುವುದೇನು ಎಂದು ಕೇಳಬಹುದು. ಉಳಿಯುವುದು ಹಬ್ಬದ ಒಡಲಲ್ಲೇ ಇರುವ ಯೋಗ. ಪತಂಜಲಿಯ ಯೋಗಸೂತ್ರದಲ್ಲಿ ಆಸನಕ್ಕೆ ಮೀಸಲಾದ ಸೂತ್ರಗಳು ಮೂರೇ ಮೂರು. ಎರಡನೆಯ ಪಾದ ತೆರೆಯುವುದು ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬ ಕ್ರಿಯಾಯೋಗದಿಂದ. ನವರಾತ್ರಿಯ ವ್ರತ ಹಿಡಿದ ಮನೆಯೊಂದನ್ನು ಈ ಮೂರರ ಬೆಳಕಿನಲ್ಲಿ ನೋಡಿ. ಊಟ, ಮಾತು, ನಿದ್ದೆಗಳಿಗೆ ಕಟ್ಟಿಕೊಂಡ ನಿಯಮ ತಪಸ್ಸು. ನಿತ್ಯ ಇಷ್ಟಿಷ್ಟು ಎಂದು ನಡೆಯುವ ದೇವೀ ಮಾಹಾತ್ಮ್ಯೆಯದೋ ರಾಮಾಯಣದ್ದೋ ಪಾರಾಯಣ ಸ್ವಾಧ್ಯಾಯ. ಎರಡು ಹೊತ್ತಿನ ಪೂಜೆ ಮೂರನೆಯದು. ಮೈಸೂರು ಅರಮನೆಯಲ್ಲಿ ಪಾಡ್ಯದ ದಿನ ಅರಸುಮನೆತನದವರು ಕಂಕಣ ಕಟ್ಟಿಕೊಂಡು ಹಬ್ಬ ಮುಗಿದ ಮೇಲೆ ವಿಸರ್ಜಿಸುವ ಕ್ರಮವೂ ಇದೇ ಕಟ್ಟುಪಾಡಿನ ರಾಜರೂಪ. ಹಬ್ಬಕ್ಕೆ ಹೊರಗಿನಿಂದ ಯೋಗವನ್ನು ತಂದು ಅಂಟಿಸಬೇಕಾಗಿಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಡ.

ಇದೇ ಹಬ್ಬ ವಿಶ್ರಾಂತಿಯನ್ನೂ ನಿಯಮವಾಗಿಸಿದೆ ಎಂಬುದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಮೂಲಾ ನಕ್ಷತ್ರದಂದು ಸರಸ್ವತಿಯ ಮುಂದೆ ಇಟ್ಟ ಪುಸ್ತಕಗಳನ್ನು ವಿಜಯದಶಮಿಯವರೆಗೆ ಓದಲು ತೆಗೆಯುವಂತಿಲ್ಲ. ಆಯುಧಪೂಜೆಗೆ ಇಟ್ಟ ನೇಗಿಲು, ಗರಗಸ, ಹೊಲಿಗೆ ಯಂತ್ರ ಆ ದಿನ ಕೆಲಸ ಮಾಡುವುದಿಲ್ಲ. ವಿದ್ಯೆ ಮತ್ತು ದುಡಿಮೆ ಎರಡೂ ಒಮ್ಮೆ ನಿಂತು, ಹತ್ತನೆಯ ದಿನ ಹೊಸದಾಗಿ ಶುರುವಾಗುತ್ತವೆ. ಮೈಯೂ ಒಂದು ಆಯುಧವಲ್ಲವೇ? ಅದಕ್ಕೂ ನವಮಿಯ ದಿನ ಬಿಡುವು ಸಲ್ಲಬೇಕು. ಬಿಡುವಿಲ್ಲದ ಒಂಬತ್ತು ದಿನದ ಸವಾಲುಗಳನ್ನು ಹೂಡುವವರು ಹಬ್ಬದ ಈ ಲಯವನ್ನು ಗಮನಿಸಿಲ್ಲ. ಮೈಸೂರಿನಲ್ಲಿ ಕೆ. ಪಟ್ಟಾಭಿ ಜೋಯಿಸರು ಬೆಳೆಸಿದ ಅಷ್ಟಾಂಗ ಪರಂಪರೆಯಲ್ಲಿ ಇಂದಿಗೂ ಅಮಾವಾಸ್ಯೆ, ಹುಣ್ಣಿಮೆಗಳಂದು ಆಸನಾಭ್ಯಾಸವಿಲ್ಲ. ಜೋಯಿಸರು 1937ರಿಂದ ಯೋಗ ಕಲಿಸಿದ್ದು ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ, ಅಲ್ಲಿ ಈ ಪರ್ವ ದಿನಗಳು ಅನಧ್ಯಯನದ ದಿನಗಳಾಗಿದ್ದವು. ಹಾಗಾಗಿ ಆ ಪದ್ಧತಿ ಪಾಲಿಸುವ ವಿದೇಶಿ ವಿದ್ಯಾರ್ಥಿಗಳು ಮಹಾಲಯ ಅಮಾವಾಸ್ಯೆಯಂದು ಸುಮ್ಮನಿದ್ದು ನವರಾತ್ರಿಯ ಪಾಡ್ಯಕ್ಕೆ ಚಾಪೆ ಹಾಸುತ್ತಾರೆ. ನಮ್ಮ ಪಂಚಾಂಗವನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಿರುವವರು ಅವರೇ ಎನ್ನಬೇಕು.

ಮೂರನೆಯ ನಂಟು ಚರಿತ್ರೆಯದು. ಕರ್ನಾಟಕದಲ್ಲಿ ಮಹಾನವಮಿ ಯಾವತ್ತೂ ಬರಿಯ ಪೂಜೆಯ ಹಬ್ಬವಾಗಿರಲಿಲ್ಲ, ಮೈಯ ಹಬ್ಬವೂ ಆಗಿತ್ತು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಆ ಒಂಬತ್ತು ದಿನಗಳ ಕುಸ್ತಿಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಕೃಷ್ಣದೇವರಾಯನ ದಿನಚರಿಯನ್ನೂ ಅವನೇ ದಾಖಲಿಸಿದ. ನಸುಕಿಗೆ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತಿಕ್ಕಿಸಿ, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಝಳಪಿಸಿ, ಜಟ್ಟಿಯೊಬ್ಬನೊಡನೆ ಸೆಣಸಿ, ಆಮೇಲೆ ಕುದುರೆ ಏರುತ್ತಿದ್ದ ಅರಸ ಅವನು. 1610ರಲ್ಲಿ ರಾಜ ಒಡೆಯರು ಈ ಹಬ್ಬವನ್ನು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದಾಗ ಜಟ್ಟಿ ಕಾಳಗವೂ ಜೊತೆಗೆ ಬಂತು. ವಿಜಯದಶಮಿಯಂದು ಮೈಸೂರು ಅರಮನೆಯ ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೆತ್ತಿಯಿಂದ ರಕ್ತದ ಮೊದಲ ಹನಿ ಚಿಮ್ಮಿದೊಡನೆ ನಿಲ್ಲುತ್ತದೆ. ಮೈಸೂರಿನ ಗರಡಿಗಳಲ್ಲಿ ಮಟ್ಟಿ ಹದಮಾಡಿ ಸಾಮು ತೆಗೆದವರಿಗೆ ದಸರಾ ಕುಸ್ತಿ ವರ್ಷದ ಗುರಿ. ಇದೇ ಅರಸುಮನೆತನದ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ 122 ಆಸನಗಳನ್ನು ಚಿತ್ರಸಹಿತ ದಾಖಲಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ 1912ರಲ್ಲಿ ಹೊಸದು ಮುಗಿಯುವವರೆಗೆ ಅರಸುಮನೆತನದ ಸಮಾರಂಭಗಳಿಗೆ ನೆಲೆಯಾಗಿದ್ದ ಕಟ್ಟಡ ಅದು. ಕೃಷ್ಣಮಾಚಾರ್ಯರ ಯೋಗ ಮಕರಂದ 1934ರಲ್ಲಿ ಬಂದದ್ದು ಕನ್ನಡದಲ್ಲಿ. ಅವರಲ್ಲಿ ಕಲಿತ ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್, ಇಂದ್ರಾದೇವಿ ಅವರಿಂದಲೇ ಇಂದು ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಕಾಣುವ ಯೋಗದ ದೊಡ್ಡ ಪಾಲು ಹೊರಟಿತು.

ಈ ಚರಿತ್ರೆಯನ್ನೇ ಎದುರುವಾದಕ್ಕೆ ಬಳಸುವವರಿದ್ದಾರೆ. ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆ 1996ರಲ್ಲಿ ಪುಸ್ತಕ ಬರೆದ ನಾರ್ಮನ್ ಸ್ಜೋಮನ್, ಈ ಆಸನಗಳಲ್ಲಿ ಹಲವು ಗರಡಿಯಿಂದಲೂ ಅರಮನೆಯ ಜಿಮ್ನಾಸ್ಟಿಕ್ಸ್‌ನಿಂದಲೂ ಬಂದವು ಎಂದು ವಾದಿಸಿದರು. 2010ರಲ್ಲಿ ಮಾರ್ಕ್ ಸಿಂಗಲ್‌ಟನ್ ಆ ವಾದವನ್ನು ಇಪ್ಪತ್ತನೆಯ ಶತಮಾನದ ದೇಹದಾರ್ಢ್ಯ ಚಳವಳಿಗಳವರೆಗೆ ವಿಸ್ತರಿಸಿದರು. ಹಾಗಾದರೆ ಇದು ಪ್ರಾಚೀನ ಯೋಗವೇ ಅಲ್ಲ, ದಸರೆಯ ಜೊತೆ ಅದಕ್ಕೆಂಥ ಪವಿತ್ರ ಸಂಬಂಧ ಎಂಬ ಪ್ರಶ್ನೆ ಹುಟ್ಟುತ್ತದೆ. ವಾದವನ್ನು ಪೂರ್ತಿ ಒಪ್ಪಿದರೂ ನಂಟು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಗರಡಿಯ ಸಾಮು ಮತ್ತು ಯೋಗಶಾಲೆಯ ಆಸನ ಒಂದೇ ಅರಮನೆಯ ಆಸರೆಯಲ್ಲಿ ಕೊಟ್ಟುಕೊಂಡು ಬೆಳೆದವು ಎಂದಾದರೆ, ಗರಡಿಯ ದೊಡ್ಡ ಹಬ್ಬವಾದ ದಸರೆಗೆ ಯೋಗವೂ ನೆಂಟನೇ. ಸಾವಿರಾರು ವರ್ಷಗಳ ಹಿಂದೆ ಋಷಿಗಳು ನವರಾತ್ರಿಯಲ್ಲಿ ಸೂರ್ಯನಮಸ್ಕಾರ ಹಾಕುತ್ತಿದ್ದರು ಎಂಬ ಆಧಾರವಿಲ್ಲದ ಹೆಮ್ಮೆಗಿಂತ ಈ ದಾಖಲಾದ ನೆಂಟಸ್ತಿಕೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಇನ್ನು ಜನಜಂಗುಳಿಯ ಪ್ರಶ್ನೆ. ಮೈಸೂರು ದಸರೆಯಲ್ಲಿ ಯುವ ದಸರಾ, ರೈತ ದಸರಾಗಳ ಜೊತೆ ಯೋಗ ದಸರಾ ಕೂಡ ಇದೆ. ದೊಡ್ಡ ಗುಂಪು ಸೇರಿಸುವುದರಲ್ಲಿ ಈ ಊರಿಗೆ ಅನುಭವವಿದೆ. 2017ರ ಯೋಗ ದಿನದಂದು ರೇಸ್‌ಕೋರ್ಸ್ ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಆಸನ ಮಾಡಿ ಗಿನ್ನೆಸ್ ದಾಖಲೆ ಬರೆದರು. ಹಠಯೋಗ ಪ್ರದೀಪಿಕೆ ಯೋಗವನ್ನು ಕೆಡಿಸುವ ಆರು ಸಂಗತಿಗಳಲ್ಲಿ ಜನಸಂಗವನ್ನೂ ಒಂದಾಗಿ ಎಣಿಸಿರುವುದು ಇಲ್ಲಿ ನೆನಪಾಗದೆ ಇರದು. ಅತಿಯಾದ ಶ್ರಮವೂ ಆ ಪಟ್ಟಿಯಲ್ಲಿದೆ. ಹಾಗೆಂದು ಸಾಮೂಹಿಕ ಪ್ರದರ್ಶನಗಳನ್ನು ಹೀಗಳೆಯುವುದು ನ್ಯಾಯವಲ್ಲ. ಮೊದಲ ಸಲ ಚಾಪೆ ಹಿಡಿಯುವವನಿಗೆ ಪಕ್ಕದಲ್ಲಿ ಇನ್ನೊಬ್ಬರಿರುವುದು ಧೈರ್ಯ. ಕೃಷ್ಣಮಾಚಾರ್ಯರ ಶಿಷ್ಯರೂ ಮಹಾರಾಜರ ಅತಿಥಿಗಳ ಮುಂದೆ ಪ್ರದರ್ಶನ ಕೊಟ್ಟವರೇ. ಕೊರತೆ ಇರುವುದು ಹನ್ನೊಂದನೆಯ ದಿನದ ಬಗ್ಗೆ ಯಾರೂ ಯೋಚಿಸದಿರುವುದರಲ್ಲಿ. ಅಭ್ಯಾಸ ನೆಲೆಗೊಳ್ಳಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕು ಎಂದ ಪತಂಜಲಿಯ ಲೆಕ್ಕದಲ್ಲಿ ಒಂಬತ್ತು ದಿನ ಏನೂ ಅಲ್ಲ.

ಯೋಗವನ್ನು ಹಬ್ಬಕ್ಕೆ ಕಟ್ಟಿದರೆ ಬೇರೆ ಧರ್ಮದವರು ದೂರ ಉಳಿಯುತ್ತಾರೆ ಎಂಬ ಆತಂಕವೂ ಕೇಳಿಬರುತ್ತದೆ. ದಸರೆ ಪೂಜಾಕೋಣೆಯೊಳಗಿನ ವ್ರತವೂ ಹೌದು, ನಾಡಹಬ್ಬವೂ ಹೌದು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್, 2025ರಲ್ಲಿ ಬಾನು ಮುಷ್ತಾಕ್ ಉದ್ಘಾಟಿಸಿದ ಹಬ್ಬ ಇದು. ಉದ್ಯಾನದಲ್ಲಿ ನಡೆಯುವ ತರಗತಿ ಈ ನಾಡಹಬ್ಬದ ಭಾಗವಾಗಿರಲಿ, ಪಾರಾಯಣ ಮನೆಯಲ್ಲಿರಲಿ. ಇದಕ್ಕಿಂತ ಕಡಿಮೆ ಚರ್ಚೆಯಾಗುವ ಇನ್ನೊಂದು ತೊಂದರೆಯಿದೆ. ಗೊಂಬೆ ಜೋಡಿಸಿ, ದಿನಕ್ಕೊಂದು ಉಸಲಿ, ಸಜ್ಜಿಗೆ ಮಾಡಿ, ಸಂಜೆ ಬಂದ ಮಕ್ಕಳಿಗೆ ಗೊಂಬೆ ಬಾಗಿನ ಕೊಡುವ ಹೆಂಗಸರಿಗೆ ಈ ಒಂಬತ್ತು ದಿನಗಳಷ್ಟು ಬಿಡುವಿಲ್ಲದ ದಿನಗಳು ವರ್ಷದಲ್ಲಿ ಬೇರೆ ಇಲ್ಲ. ಐದು ಗಂಟೆಗೆ ಎದ್ದು ಯೋಗಕ್ಕೆ ಬನ್ನಿ ಎಂದು ಅವರನ್ನು ಕರೆಯುವ ಮುನ್ನ ಅಡುಗೆಮನೆಯ ಕೆಲಸದಲ್ಲಿ ಪಾಲು ಯಾರದು ಎಂದು ಕೇಳಿಕೊಳ್ಳಬೇಕು. ಅವರಿಗೆ ಹಬ್ಬ ಮುಗಿದ ಮೇಲೆ ಶುರುವಾಗುವ ತರಗತಿಯೇ ಹೆಚ್ಚು ಉಪಕಾರಿ.

ಆದ್ದರಿಂದ ಯೋಗ ದಸರಾ ನಡೆಸುವವರಲ್ಲಿ, ಬಡಾವಣೆಗಳ ಯೋಗ ಸಂಘಗಳಲ್ಲಿ ಒಂದು ಕೋರಿಕೆ. ವೇದಿಕೆ, ಟೀ ಶರ್ಟು, ಧ್ವನಿವರ್ಧಕಗಳಿಗೆ ಹೋಗುವ ಹಣದಲ್ಲಿ ಒಂದು ಪಾಲನ್ನು ವಿಜಯದಶಮಿಯ ನಂತರದ ವಾರಗಳಿಗೆ ಉಳಿಸಿ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಆ ದಿನವೇ ಹತ್ತಿರದ ಪಾರ್ಕಿನಲ್ಲಿ, ಸಮುದಾಯ ಭವನದಲ್ಲಿ ಹೊಸಬರ ತರಗತಿ ತೆರೆಯಿರಿ. ದಿನಕ್ಕೆ ಇಪ್ಪತ್ತು ನಿಮಿಷ, ನಾಲ್ಕಾರು ಸರಳ ಆಸನ, ಸ್ವಲ್ಪ ಪ್ರಾಣಾಯಾಮ, ಕಲಿತ ಒಬ್ಬ ಶಿಕ್ಷಕರು ಇದ್ದರೆ ಸಾಕು. ಶುರು ಮಾಡಲು ಬೇಡವೆಂದ ಹೇಮಂತ, ಶಿಶಿರಗಳಲ್ಲಿ ಮುಂದುವರಿಸಬೇಡಿ ಎಂದು ಘೇರಂಡ ಸಂಹಿತೆ ಹೇಳಿಲ್ಲ. ವಿಜಯದಶಮಿಯಿಂದ ಯುಗಾದಿಗೆ ಐದೂವರೆ ತಿಂಗಳಿಗಿಂತ ತುಸು ಹೆಚ್ಚೇ ಸಮಯವಿರುತ್ತದೆ.